ಅರ್ಧ ಪ್ರದಕ್ಷಿಣೆ

ಅಥವಾ ಸ್ಪಂಜಿನ ಬಲ ಅರ್ಧಕ್ಕೆ ಮಾತ್ರ ವಿಭೂತಿ ಹತ್ತಿತ್ತು ಎನ್ನುವುದನ್ನು ನಾನು ಆಮೇಲೆ ಸೇರಿಸಿಕೊಂಡಿರಬಹುದು. ಹಾಗೆ ಬರೆದರೆ ಉಳಿದದ್ದೆಲ್ಲ ಸಲೀಸಾಗಿ ಹೊಂದಿಕೊಳ್ಳುತ್ತದೆ. ಅದಕ್ಕೇ ಅನುಮಾನ. ಹೆಡ್‌ಸೆಟ್ಟನ್ನು ಆ ರೋಗಿಯ ತಲೆಯಿಂದ ತೆಗೆದೆ. ಹಣೆಗೆ ಒತ್ತಿ ಕೂರುವ ಕಪ್ಪು ಸ್ಪಂಜನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿದೆ. ಹತ್ತಿಗೆ ವಿಭೂತಿಯ ಪುಡಿ ಅಂಟಿತು. ಇಷ್ಟು ಖಚಿತ. ಆ ಬಿಳುಪು ಸ್ಪಂಜಿನ ಉದ್ದಕ್ಕೂ ಇತ್ತೋ, ನಡುವಿಗೇ ನಿಂತಿತ್ತೋ? ಕೆಲವು ದಿನಗಳ ನಂತರ ಅವರ ಹೆಂಡತಿ ಬಂದು ಒಂದು ಮಾತು ಹೇಳಿದ ಮೇಲೆ, ನಡುವಿಗೇ ನಿಂತಿದ್ದು ನನಗೆ ನೆನಪಾಯಿತು. ಮಾತು ಕೇಳಿದ್ದರಿಂದ ಹುಟ್ಟಿದ ನೆನಪೋ, ಮೊದಲೇ ಇದ್ದ ನೆನಪಿಗೆ ಮಾತು ಸಿಕ್ಕಿದ್ದೋ, ಬಿಡಿಸಲು ನನ್ನಿಂದ ಆಗಿಲ್ಲ.

ಆದ್ದರಿಂದ ನಡೆದ ಕ್ರಮದಲ್ಲೇ ಬರೆಯುತ್ತೇನೆ. ಕ್ರಮವೂ ಸುಳ್ಳು ಹೇಳಬಲ್ಲದು, ಆದರೆ ಅದರ ಸುಳ್ಳನ್ನು ಹಿಡಿಯುವುದು ಸ್ವಲ್ಪ ಸುಲಭ.

ನಾನು ಆಗ ನಾಸಿಕ್‌ನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಕ್ಯುಪೇಶನಲ್ ಥೆರಪಿಸ್ಟ್. ಪಾರ್ಶ್ವವಾಯು ಬಡಿದವರಿಗೆ ಮತ್ತೆ ಅಂಗಿಯ ಗುಂಡಿ ಹಾಕಿಕೊಳ್ಳುವುದು, ಲೋಟ ಎತ್ತುವುದು, ಸಾಧ್ಯವಾದರೆ ತಮ್ಮ ಕೆಲಸಕ್ಕೆ ಮರಳುವುದು, ಇವನ್ನು ಅಭ್ಯಾಸ ಮಾಡಿಸುವುದು ನನ್ನ ಕೆಲಸ. ಮೆದುಳಿನ ಬಲಭಾಗಕ್ಕೆ ಪೆಟ್ಟು ಬಿದ್ದ ಕೆಲವರಲ್ಲಿ ಒಂದು ವಿಚಿತ್ರ ತೊಂದರೆ ಉಳಿಯುತ್ತದೆ. ಕಣ್ಣು ಚೆನ್ನಾಗಿರುತ್ತದೆ, ಆದರೆ ಎಡಗಡೆಯ ಜಗತ್ತು ಅವರ ಗಮನಕ್ಕೇ ಬರುವುದಿಲ್ಲ. ಕಾಣುವುದಿಲ್ಲ ಎಂದಲ್ಲ. ಅಲ್ಲಿ ನೋಡಬೇಕಾದದ್ದು ಏನೋ ಇದೆ ಎಂಬುದೇ ಅವರಿಗೆ ಹೊಳೆಯುವುದಿಲ್ಲ. ಹೀಗಾಗಿ ಅವರು ದೂರುವುದೂ ಇಲ್ಲ. ಇಲ್ಲದ್ದರ ಬಗ್ಗೆ ಯಾರು ದೂರುತ್ತಾರೆ?

ಇದನ್ನು ಹಿಡಿಯಲು ಕಾಗದದ ಪರೀಕ್ಷೆಗಳಿವೆ. ಹಾಳೆಯ ತುಂಬ ನಕ್ಷತ್ರಗಳು, ಎಲ್ಲವನ್ನೂ ಪೆನ್ಸಿಲಿನಿಂದ ಹೊಡೆದುಹಾಕಬೇಕು. ಒಂದು ಗೆರೆ, ಅದರ ನಟ್ಟನಡುವೆ ಗುರುತು ಹಾಕಬೇಕು. ಪೆಟ್ಟು ಬಿದ್ದು ಕೆಲವು ತಿಂಗಳಾದ ಮೇಲೆ ಹಲವರು ಇವನ್ನು ಚೆನ್ನಾಗಿಯೇ ಮಾಡುತ್ತಾರೆ. ಮೌನವಾದ ಕೋಣೆ, ಒಂದು ಹಾಳೆ, ಎದುರಿಗೆ ನಾನು. ಎಚ್ಚರವಾಗಿ ಎಡಕ್ಕೂ ನೋಡುತ್ತಾರೆ. ಹೊರಗೆ ರಸ್ತೆಗೆ ಇಳಿದರೆ ಆ ಎಚ್ಚರ ಹೋಗುತ್ತದೆ. ಅದಕ್ಕಾಗಿ ನಮ್ಮ ಹಿರಿಯ ನರತಜ್ಞರು ವರ್ಚುವಲ್ ರಿಯಾಲಿಟಿಯ ಹೆಡ್‌ಸೆಟ್ ಒಂದನ್ನು ತರಿಸಿದರು. ಎರಡು ಸಾವಿರದ ಹದಿನಾರೋ ಹದಿನೇಳೋ ಇರಬೇಕು. ಕೂತಲ್ಲೇ ರೋಗಿಯನ್ನು ಇಡೀ ಒಂದು ಜಾಗದೊಳಗೆ ಇಳಿಸಿ, ಅವನು ತಲೆ ಎತ್ತ ತಿರುಗಿಸುತ್ತಾನೆ, ಏನನ್ನು ಗುರುತಿಸುತ್ತಾನೆ, ಏನನ್ನು ಬಿಡುತ್ತಾನೆ ಎಂದು ಕ್ಷಣಕ್ಷಣವೂ ದಾಖಲಿಸುವುದು. ಯೋಚನೆ ಒಳ್ಳೆಯದೇ.

ಹೆಡ್‌ಸೆಟ್ ಜೊತೆಗೆ ಬಂದ ದೃಶ್ಯ ಯಾವುದೋ ದೇಶದ ದೊಡ್ಡ ಅಂಗಡಿಯದು. ನಮ್ಮ ಮೊದಲ ರೋಗಿ, ದಿಂಡೋರಿಯ ದ್ರಾಕ್ಷಿ ತೋಟದವರು, ಒಳಗೆ ಇಳಿದು ಐದು ನಿಮಿಷ ಅಲುಗದೆ ಕೂತರು. ಏನು ಮಾಡಬೇಕೆಂದು ಕೇಳಿದರೆ, "ಅಂಗಡಿಯವನು ಬರಲಿ, ಆಮೇಲೆ ಕೇಳೋಣ" ಎಂದರು. ನಮ್ಮದೇ ದೃಶ್ಯ ಬೇಕಾಗಿತ್ತು.

ಅದನ್ನು ಮಾಡಿಕೊಟ್ಟವಳು ಈಗಿನ ಛತ್ರಪತಿ ಸಂಭಾಜಿನಗರದಲ್ಲಿ, ನಾವು ಆಗ ಔರಂಗಾಬಾದ್ ಎನ್ನುತ್ತಿದ್ದ ಊರಿನಲ್ಲಿ, ಚಿಕಲಠಾಣಾ ಬಡಾವಣೆಯಲ್ಲಿ ಒಂದು ಚಿಕ್ಕ ಕಚೇರಿ ನಡೆಸುತ್ತಿದ್ದ ಪ್ರೋಗ್ರಾಮರ್. ಮೂವತ್ತರ ಆಸುಪಾಸು. ಅಪ್ಪ ಅಮ್ಮ ಬೀದರ್ ಕಡೆಯವರು, ಅವಳು ಹುಟ್ಟಿ ಬೆಳೆದದ್ದು ಅಲ್ಲೇ. ನಾನು ವಿಜಯಪುರದವಳೆಂದು ತಿಳಿದ ದಿನ ಅವಳು ಹೇಳಿದ್ದು: "ಅಕ್ಕಾ, ಕನ್ನಡ ಪೂರಾ ಸಮಜ್ ಆಗ್ತದ. ಬೋಲ್ಲಿಕ್ಕೆ ಹೋದ್ರ ಲಾಜ್ ಬರ್ತದ. ನೀವು ಕನ್ನಡದಾಗ ಬೈರಿ, ನಾ ಮರಾಠಿದಾಗ ಸಾರಿ ಅಂತೀನಿ." ಕನ್ನಡ ಪೂರ್ತಿ ಅರ್ಥವಾಗುತ್ತದೆ, ಮಾತಾಡಲು ಮಾತ್ರ ನಾಚಿಕೆಯಂತೆ.

ತಿಂಗಳಿಗೆ ಎರಡು ಸಲ ಬಸ್ ಹತ್ತಿ ಹೋಗುತ್ತಿದ್ದೆ. ದೃಶ್ಯ ಏನಿರಬೇಕೆಂದು ಚರ್ಚೆ ನಡೆದದ್ದು ಅಲ್ಲೇ. ವಯಸ್ಸಾದವರಿಗೆ ಹೆದರಿಕೆ ಆಗಬಾರದು, ಏನು ಮಾಡಬೇಕೆಂದು ವಿವರಿಸುವ ಅಗತ್ಯವೇ ಇರಬಾರದು. ಗುಡಿಯ ಅಂಗಳ ಎಂದು ಯಾರು ಮೊದಲು ಹೇಳಿದರೋ, ಹೇಳಿದ ಕೂಡಲೇ ಇಬ್ಬರೂ ಒಪ್ಪಿದೆವು. ನಡುವೆ ಗರ್ಭಗುಡಿ, ಸುತ್ತ ಕಲ್ಲು ಹಾಸಿದ ದಾರಿ, ದಾರಿಯ ಆಚೆ ಎತ್ತರದ ಹೊರಗೋಡೆ. ಗರ್ಭಗುಡಿಯ ಗೋಡೆಯಲ್ಲೂ ಹೊರಗೋಡೆಯಲ್ಲೂ ಒಂದೇ ಸಂಖ್ಯೆಯ ಗೂಡುಗಳು, ಗೂಡುಗಳಲ್ಲಿ ದೀಪ. ಕೆಲವು ಉರಿಯುತ್ತವೆ, ಕೆಲವು ಇಲ್ಲ. ರೋಗಿ ಕುರ್ಚಿಯಲ್ಲಿ ಕೂತಿರುತ್ತಾನೆ. ದೃಶ್ಯ ಅವನನ್ನು ನಿಧಾನವಾಗಿ ಗುಡಿಯ ಸುತ್ತ ಒಯ್ಯುತ್ತದೆ. ಉರಿಯುವ ದೀಪ ಕಂಡಾಗಲೆಲ್ಲ ಬಲಗೈಯ ಕಂಟ್ರೋಲರನ್ನು ಅದರತ್ತ ಹಿಡಿದು ಗುಂಡಿ ಒತ್ತಬೇಕು.

ಒಳಗೆ ಯಾವ ದೇವರನ್ನು ಕೂರಿಸುವುದು ಎಂದು ಜಗಳವಾಗಿ, ಕೊನೆಗೆ ಬಾಗಿಲಿಗೆ ಪರದೆ ಎಳೆದೆವು. ಇದೊಂದು ಜಾಣತನವೆಂದು ಆಗ ಅನಿಸಿತ್ತು.

ಈಗ ಮುಖ್ಯ ಮಾತು. ನರತಜ್ಞರು ಬರೆದುಕೊಟ್ಟ ವಿಧಾನದಲ್ಲಿ ಎರಡು ಸುತ್ತು ಇದ್ದವು: ಒಂದು ಬಲಸುತ್ತು, ಒಂದು ಎಡಸುತ್ತು. ಬಲಸುತ್ತಿನಲ್ಲಿ ಗುಡಿ ನಮ್ಮ ಬಲಕ್ಕೆ, ಎಡಸುತ್ತಿನಲ್ಲಿ ಎಡಕ್ಕೆ. ಎರಡನ್ನೂ ಹೋಲಿಸಿದರೆ ಲೆಕ್ಕ ಸರಿಹೋಗುತ್ತದೆ. ಪ್ರೋಗ್ರಾಮರ್ ಎರಡನ್ನೂ ಮಾಡಿದ್ದಳು. ಮೊದಲು ಆರೋಗ್ಯವಂತರ ಮೇಲೆ ನೋಡಬೇಕಲ್ಲ, ಚಿಕಲಠಾಣಾದಲ್ಲಿ ಬೆಳಗಿನ ವಾಕಿಂಗ್‌ಗೆ ಬರುವ ಹಿರಿಯರ ಗುಂಪನ್ನು ಕರೆದಳು. ಬಲಸುತ್ತು ಮುಗಿಸಿ ಎಡಸುತ್ತು ಶುರುವಾದ ಕೂಡಲೇ ನಿವೃತ್ತ ಶಿಕ್ಷಕಿಯೊಬ್ಬರು ಹೆಡ್‌ಸೆಟ್ ಕಿತ್ತು ತೊಡೆಯ ಮೇಲೆ ಇಟ್ಟುಕೊಂಡರು.

"ಅಗೋ ಬಾಯೀ, ಉಲಟೀ ಪ್ರದಕ್ಷಿಣಾ! ಇದನ್ನು ನನ್ನ ಕೈಯಿಂದ ಮಾಡಿಸುತ್ತೀರಾ?"

ನಾವು ನಕ್ಕೆವು, ಇದು ಬರೀ ಚಿತ್ರ ಎಂದೆವು. ಅವರು ನಗಲಿಲ್ಲ. ಅವರ ನಂತರದ ಮೂವರೂ ಎಡಸುತ್ತಿಗೆ ಒಪ್ಪಲಿಲ್ಲ. ಆ ಸಂಜೆ ಎಡಸುತ್ತನ್ನು ತೆಗೆದುಹಾಕಲಾಯಿತು. 'ತೆಗೆದುಹಾಕಲಾಯಿತು' ಎಂದು ಬರೆಯುವುದು ಸುಲಭ. ಯಾರು? ನನ್ನ ನೆನಪಿನಲ್ಲಿ ಪ್ರೋಗ್ರಾಮರ್, "ಉಲ್ಟಾ ಯಾರು ಸುತ್ತುತಾರ ಅಕ್ಕಾ, ಕಾಢೂನ್ ಟಾಕೂ?" ಎಂದು, ಅಂದರೆ ತೆಗೆದುಬಿಡಲೇ ಎಂದು ಕೇಳಿದಳು, ನಾನು ಸುಮ್ಮನಿದ್ದೆ. ಅವಳ ನೆನಪು ಬೇರೆ. ಅದು ಮುಂದೆ ಬರುತ್ತದೆ.

ಆರೋಗ್ಯವಂತರಿಂದ ಮಾದರಿ ಲೆಕ್ಕ ಸಂಗ್ರಹಿಸಲು ಎರಡು ತಿಂಗಳು ಹಿಡಿಯಿತು. ತೊಂದರೆಗಳು ಬೇರೆಬೇರೆ. ಕೋಣೆಯಲ್ಲಿದ್ದ ಕನ್ನಡಿ ಕಪಾಟಿನಿಂದ ಸೆನ್ಸರುಗಳು ಗಲಿಬಿಲಿಗೊಂಡು ಗುಡಿಯೇ ಓಲಾಡುತ್ತಿತ್ತು. ಕಪಾಟಿಗೆ ಚಾದರ ಹೊದಿಸಿದೆವು. ದಾರಿಯ ವೇಗ ಹೆಚ್ಚಾಗಿ ಇಬ್ಬರಿಗೆ ವಾಂತಿ ಬರುವಂತಾಯಿತು, ಅರ್ಧಕ್ಕೆ ಇಳಿಸಿದೆವು. ಕಣ್ಣುಗಳ ನಡುವಿನ ಅಂತರಕ್ಕೆ ಮಸೂರ ಹೊಂದಿಸುವುದನ್ನು ಮರೆತು ಒಂದು ಇಡೀ ದಿನದ ದಾಖಲೆ ಎಸೆದೆವು. ಇಂಥ ತಪ್ಪುಗಳು ತಮ್ಮನ್ನು ತಾವೇ ತೋರಿಸಿಕೊಳ್ಳುತ್ತವೆ.

ತೋರಿಸಿಕೊಳ್ಳದ ತಪ್ಪು ಪರದೆಯ ಮೇಲೇ ಇತ್ತು. ಒಂದು ಮಧ್ಯಾಹ್ನ ಪ್ರೋಗ್ರಾಮರ್ ಎಲ್ಲರ ತಲೆಯ ದಿಕ್ಕಿನ ಗೆರೆಗಳನ್ನು ಒಂದರ ಮೇಲೊಂದು ಹರಡಿ ತೋರಿಸಿದಳು.

"ಬಘಾ ಅಕ್ಕಾ, ಎಲ್ಲರ ತಲಿ ಬಲಕ್ಕೇ ಅದ."

"ಕುರ್ಚಿ ಡೊಂಕ ಇಟ್ಟಿರಬೇಕು," ಎಂದೆ.

"ಕುರ್ಚಿ ಸೀದಾ ಅದ."

"ಹಂಗಾದ್ರ ಸರಾಸರಿ ತೆಗೆದು ಎಲ್ಲರ ಲೆಕ್ಕದಾಗಿಂದ ಕಳಿ."

ಕಳೆದಳು. ಗೆರೆಗಳು ನಡುವಿಗೆ ಬಂದು ಕೂತವು, ನೋಡಲು ಹಿತವಾಯಿತು. ಎಡಗೋಡೆಯ ದೀಪಗಳಲ್ಲಿ ಆರೋಗ್ಯವಂತರೂ ನಾಲ್ಕೈದು ಬಿಡುತ್ತಿದ್ದರು. ಅಷ್ಟು ಬಿಟ್ಟರೆ ಸಹಜ ಎಂದು ಮಿತಿ ಹಾಕಿದೆವು. ಆ ಮಿತಿಯನ್ನು ನಾನೇ ಟೈಪ್ ಮಾಡಿದ್ದು. ಇದರಲ್ಲಿ ನೆನಪಿಗೆ ಸಂಶಯವಿಲ್ಲ, ಏಕೆಂದರೆ ಕಡತ ಇನ್ನೂ ಇದೆ.

ಅನಂತರ, ಆ ಸ್ಪಂಜಿಗೆ ವಿಭೂತಿ ಹತ್ತಿಸಿದವರು ಬಂದರು. ಕಲಬುರಗಿ ಜಿಲ್ಲೆಯವರು, ಐವತ್ತು ದಾಟಿದವರು, ನಾಸಿಕ್‌ನ ಅಂಬಡ್ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಘಟಕದಲ್ಲಿ ಫೋರ್ಕ್‌ಲಿಫ್ಟ್ ಚಾಲಕರು. ತಗಡಿನ ಕಟ್ಟುಗಳನ್ನು ಲಾರಿಯಿಂದ ಇಳಿಸಿ ರ‍್ಯಾಕಿಗೆ ಏರಿಸುವ ಕೆಲಸ. ಆರು ತಿಂಗಳ ಹಿಂದೆ ಮೆದುಳಿನ ಬಲಭಾಗಕ್ಕೆ ಪೆಟ್ಟು ಬಿದ್ದಿತ್ತು. ಎಡಗೈ ಎಡಗಾಲಿಗೆ ಬಲ ಬಹುಪಾಲು ಮರಳಿತ್ತು. ಮತ್ತೆ ಗಾಡಿ ಹತ್ತಲು ನಮ್ಮ ಪ್ರಮಾಣಪತ್ರ ಬೇಕಿತ್ತು. ಗಾಡಿ ಇಲ್ಲದಿದ್ದರೆ ಆ ಘಟಕದಲ್ಲಿ ಅವರಿಗೆ ಬೇರೆ ಕೆಲಸ ಇದೆಯೋ ಇಲ್ಲವೋ ಗೊತ್ತಿರಲಿಲ್ಲ. ಗಾಡಿಯ ಎಡಬಲದಲ್ಲಿ ದಿನವಿಡೀ ಕೂಲಿಗಳು ಓಡಾಡುತ್ತಾರೆ ಎಂಬುದು ಗೊತ್ತಿತ್ತು. ನಾನು ತೂಗಬೇಕಾದದ್ದು ಈ ಎರಡನ್ನು.

ಕಾಗದದ ಪರೀಕ್ಷೆಯಲ್ಲಿ ಅವರು ಒಂದೂ ನಕ್ಷತ್ರ ಬಿಡಲಿಲ್ಲ. ಆಮೇಲೆ ಹೆಡ್‌ಸೆಟ್. ಹಣೆಯ ವಿಭೂತಿ ಅಳಿಸೀತೆಂದು ಅವರಿಗೆ ಚಿಂತೆ.

"ಮೇಡಂರಿ, ಈಬತ್ತಿ ಹೋಗ್ತದಲ್ರಿ?"

"ಮತ್ತ ಹಚ್ಕೊಂಡ್ರಾತು ಬಿಡ್ರಿ. ದೀಪ ಕಂಡಲ್ಲೆಲ್ಲ ಗುಂಡಿ ಒತ್ತರಿ."

ದೃಶ್ಯ ಶುರುವಾಯಿತು. ಅವರು, "ಇದು ಯಾವ ದೇವರ ಗುಡಿರಿ?" ಎಂದರು.

"ಯಾವುದೂ ಅಲ್ರಿ. ಕಂಪ್ಯೂಟರಿನ ಗುಡಿ."

"ಅದಕ್ಕ ಪರದಾ ಹಾಕ್ಯಾನ ನೋಡ್ರಿ, ಒಳಗ ಯಾರೂ ಇಲ್ಲ ಅಂತ ಅವಗ ಗೊತ್ತದ."

ನಕ್ಕೆ. ನಗುತ್ತಲೇ ಎಣಿಸಿದೆ. ಬಲಗಡೆಯ ಗರ್ಭಗುಡಿಯ ದೀಪ ಒಂದೂ ಬಿಡಲಿಲ್ಲ. ಎಡಗೋಡೆಯಲ್ಲಿ ನಾಲ್ಕೋ ಐದೋ ಬಿಟ್ಟರು. ಮಿತಿಯೊಳಗೆ. ನರತಜ್ಞರು ಸಹಿ ಹಾಕಿದರು. ಆ ದಿನವೇ ನಾನು ಸ್ಪಂಜು ಒರೆಸಿದ್ದು.

ಅವರು ಕೆಲಸಕ್ಕೆ ಹೋಗತೊಡಗಿ ಒಂದು ವಾರವಾಗಿತ್ತು ಎಂದು ಕಾಣುತ್ತದೆ, ಹೆಂಡತಿ ಒಬ್ಬರೇ ಬಂದರು. ಕೈಯಲ್ಲಿ ನಮ್ಮ ಪ್ರಮಾಣಪತ್ರದ ಜೆರಾಕ್ಸ್.

"ತಂಗೀ, ನಮ್ಮವರು ಪಾಸಾಗ್ಯಾರ ಅಂತ ಬರ್ದು ಕೊಟ್ಟೀರಿ."

"ಹೌದ್ರಿ. ಛಲೋ ಆತಲ್ರಿ."

"ಛಲೋ ಆಯ್ತು ಖರೆ. ಆದ್ರ ಮುಂಜಾನೆ ಈಬತ್ತಿ ಹಚ್ಕೋತಾರ ನೋಡ್ರಿ, ಅರ್ಧಕ್ಕ ನಿಂದ್ರಸ್ತಾರ. ಬಲಗಡಿ ಮೂರು ಪಟ್ಟಿ, ಎಡಗಡಿ ಖಾಲಿ. ಪೂರಾ ಹಚ್ಚರಿ ಅಂದ್ರ, ಪೂರಾ ಆಗ್ಯದ, ನಿನ್ನ ಕಣ್ಣ ತೋರಿಸ್ಕೋ ಹೋಗು ಅಂತಾರ."

"ಅವಸರದಾಗ ಹಂಗ ಆಗ್ತದ್ರಿ."

"ಲಗ್ನ ಆಗಿ ಇಪ್ಪತ್ತೆಂಟು ವರ್ಷ ಆಯ್ತು. ಅವರ ಹಣಿ ನನಗ ಗೊತ್ತಿಲ್ಲೇನು?"

ನಾನು ಕಾಗದದ ಪರೀಕ್ಷೆಯನ್ನು ವಿವರಿಸಿದೆ, ಯಂತ್ರದ ಲೆಕ್ಕವನ್ನು ವಿವರಿಸಿದೆ. ಯಂತ್ರ ಮನುಷ್ಯರಿಗಿಂತ ಸೂಕ್ಷ್ಮ ಎಂದೂ ಹೇಳಿದೆನೆಂದು ತೋರುತ್ತದೆ. ಹೇಳಿರಲಿಕ್ಕಿಲ್ಲ ಎಂದು ಈಗ ಆಸೆಪಡುತ್ತೇನೆ. ಅವರು ಕೇಳಿಸಿಕೊಂಡರು. ಎದ್ದು ಹೋಗುವವರಂತೆ ಸೆರಗು ಹೊದ್ದುಕೊಂಡವರು ಮತ್ತೆ ಕೂತರು.

"ಪಗಾರ ಬೇಕ್ರಿ ನಮಗ. ನಾ ಬಂದು ಹೇಳೀನಿ ಅಂತ ಅವರಿಗೆ ಗೊತ್ತಾದ್ರ ನನ್ನ ಜೋಡಿ ಮಾತೇ ಬಿಡ್ತಾರ. ಆದ್ರ ಗಾಡಿ ಎಡಕ್ಕ ಯಾರಾರ ನಿಂತ್ರ ಏನ್ ಗತಿರಿ? ಅವರಿಗೂ ಹೆಂಡ್ರು ಮಕ್ಕಳು ಇರ್ತಾರಲ್ಲ."

ಉತ್ತರವಿಲ್ಲದಾಗ ಯಂತ್ರ ತೋರಿಸುವುದು ನಮ್ಮ ಚಾಳಿ. ನೀವೇ ಒಮ್ಮೆ ಹಾಕಿಕೊಂಡು ನೋಡಿ ಎಂದೆ. ಹೆಡ್‌ಸೆಟ್ ಹಾಕಿದ ಕೂಡಲೇ ಅವರು ಕಂಟ್ರೋಲರ್ ಸಮೇತ ಎರಡೂ ಕೈ ಜೋಡಿಸಿದರು. ಸುತ್ತು ಮುಗಿಯಿತು. ಲೆಕ್ಕ ಪರದೆಯ ಮೇಲೆ ಬಂತು. ನಾನು ಗಂಡನ ಕಡತ ತೆರೆದು ಪಕ್ಕದಲ್ಲಿ ಇಟ್ಟೆ.

ಒಂದೇ ಲೆಕ್ಕ. ಬಲಕ್ಕೆ ಒಂದೂ ಬಿಟ್ಟಿಲ್ಲ. ಎಡಗೋಡೆಯಲ್ಲಿ ಗಂಡ ಬಿಟ್ಟಷ್ಟೇ ದೀಪಗಳನ್ನು ಹೆಂಡತಿಯೂ ಬಿಟ್ಟಿದ್ದರು. ತಲೆಯ ಗೆರೆಯೂ ಹೆಚ್ಚುಕಡಿಮೆ ಅದೇ.

"ಎಡಗಡಿ ಗೋಡಿಗೆ ದೀಪ ಇದ್ವು, ಯಾಕ ಒತ್ತಲಿಲ್ರಿ?" ಎಂದು ಕೇಳಿದೆ.

"ಆ ಕಡಿ ದೀಪ ಇದ್ವೇನು? ದೇವರು ಈ ಕಡಿ ಇದ್ದಾನ. ಆ ಕಡಿ ಯಾಕ ನೋಡ್ಲಿ?"

ಅರ್ಥವಾದದ್ದು ಒಮ್ಮೆಲೇ ಅಲ್ಲ. ಮೊದಲು ಈಕೆಗೂ ಪೆಟ್ಟು ಬಿದ್ದಿದೆಯೇ ಎಂಬ ಹುಚ್ಚು ಯೋಚನೆ ಬಂತು. ಆಮೇಲೆ ಚಿಕಲಠಾಣಾದ ಗೆರೆಗಳು ಕಣ್ಣಿಗೆ ಬಂದವು. ಪ್ರದಕ್ಷಿಣೆ ಹಾಕುವವರು ದೇವರ ಕಡೆ ನೋಡುತ್ತಾರೆ. ಬಲಸುತ್ತಿನಲ್ಲಿ ದೇವರು ಬಲಕ್ಕೆ. ನಾವು ಆರೋಗ್ಯವಂತರೆಲ್ಲರನ್ನೂ ಒಂದೇ ದಿಕ್ಕಿನಲ್ಲಿ ಸುತ್ತಿಸಿ, ಅವರ ಭಕ್ತಿಯನ್ನು ಸರಾಸರಿ ತೆಗೆದು, ಅದನ್ನೇ ಆರೋಗ್ಯದ ಅಳತೆ ಎಂದು ಇಟ್ಟುಕೊಂಡಿದ್ದೆವು. ಎಡಕ್ಕೆ ನೋಡದ ಆರೋಗ್ಯವಂತರ ನಡುವೆ, ಎಡಕ್ಕೆ ನೋಡಲಾಗದ ರೋಗಿ ಎಲ್ಲಿ ಬೇಕಾದರೂ ಅಡಗಬಹುದಿತ್ತು.

"ಏನಾಯ್ತು ತಂಗೀ, ಮಾರಿ ಸಣ್ಣದಾಯ್ತು?"

ಅವರಿಗೆ ಹೇಳಿದೆ. ಉಲ್ಟಾ ಸುತ್ತಿಸಿದರೆ ಗೊತ್ತಾಗುತ್ತಿತ್ತು, ಆದರೆ ಜನ ಒಪ್ಪುವುದಿಲ್ಲ ಎಂದೂ ಹೇಳಿದೆ. ಅವರು ನನ್ನನ್ನು ಕನಿಕರದಿಂದ ನೋಡಿದರು.

"ಈಶ್ವರನ ಗುಡಿ ಮಾಡ್ರಿ. ಅಭಿಷೇಕದ ನೀರು ಹೊರಗ ಬೀಳ್ತದಲ್ಲ, ಆ ಗೋಮುಖ ದಾಟಂಗಿಲ್ಲ. ಅಲ್ಲಿ ತನಕ ಹೋಗಿ ಹಂಗೇ ಹೊಳ್ಳಿ ಬರ್ತಾರ. ಹೋಗೋವಾಗ ದೇವರು ಬಲಕ್ಕ, ಬರೋವಾಗ ಎಡಕ್ಕ. ಯಾರೂ ಏನೂ ಅನ್ನಂಗಿಲ್ಲ."

"ನೀವೂ ಹಂಗೇ ಸುತ್ತತೀರೇನ್ರಿ?"

"ನಮ್ಮ ದೇವರು ಅಂಗೈಯಾಗ ಇರ್ತಾನ್ರಿ, ಸುತ್ತೋ ತ್ರಾಸಿಲ್ಲ. ಮಂದಿ ಸುತ್ತೋದು ನೋಡೀನಲ್ಲ."

ಉಪಾಯ ಸಿಕ್ಕಿತು. ಆದರೆ ಅದನ್ನು ಕಟ್ಟಿ, ಮತ್ತೆ ಆರೋಗ್ಯವಂತರಿಂದ ಮಾದರಿ ಸಂಗ್ರಹಿಸಲು ಎರಡು ಮೂರು ತಿಂಗಳಾದರೂ ಬೇಕು. ಅಲ್ಲಿಯವರೆಗೆ? ಅವರ ಗಂಡ ಗಾಡಿಯ ಮೇಲಿದ್ದರು. ಅವರಿಗೆ ತೊಂದರೆ ಇದೆ ಎನ್ನಲು ನನ್ನ ಹತ್ತಿರ ಹೆಚ್ಚೇನೂ ಇರಲಿಲ್ಲ: ಹೆಂಡತಿ ಕಂಡ ಅರ್ಧ ವಿಭೂತಿ, ನಾನು ಕಂಡೆನೋ ಇಲ್ಲವೋ ತಿಳಿಯದ ಸ್ಪಂಜು. ತೊಂದರೆ ಇಲ್ಲ ಎನ್ನಲು ಇದ್ದ ಪುರಾವೆ ಮಾತ್ರ ಕುಸಿದಿತ್ತು.

ಮಧ್ಯಾಹ್ನವೇ ನರತಜ್ಞರ ಕೋಣೆಗೆ ಹೋದೆ. ಅವರು ಮರಾಠಿಯಲ್ಲಿ ಮಾತಾಡುತ್ತಿದ್ದರು, ನೆನಪಿದ್ದಂತೆ ಬರೆಯುತ್ತೇನೆ.

"ಮಿತಿಯೊಳಗೆ ಇದ್ದಾರೆ ಎಂದರೆ ಇದ್ದಾರೆ. ಮಿತಿ ಹಾಕಿದ್ದು ನೀವೇ."

"ಮಿತಿಯೇ ತಪ್ಪು, ಸರ್."

"ಎಡಸುತ್ತಿನ ಲೆಕ್ಕ ಎಲ್ಲಿ? ನಾನು ಎರಡು ಸುತ್ತು ಬರೆದಿದ್ದೆನಲ್ಲ."

"ತೆಗೆದುಬಿಟ್ಟೆವು. ಹಿರಿಯರು ಒಪ್ಪಲಿಲ್ಲ."

"ನನಗೆ ಹೇಳಿದಿರಾ?"

ಹೇಳಿದ್ದೆನೆಂದೇ ನಾನು ಆವರೆಗೆ ನಂಬಿದ್ದೆ. ಅವರ ಮುಖ ನೋಡಿದ ಮೇಲೆ ಹೇಳಿರಲಿಲ್ಲವೆಂದು ಅನಿಸಿತು. ಅವರು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು.

"ಹಾಗಾದರೆ ಈ ಯಂತ್ರದಲ್ಲಿ ಈವರೆಗೆ ನೋಡಿದವರೆಲ್ಲರ ವರದಿ?"

"ಎಲ್ಲವನ್ನೂ ಹಿಂತೆಗೆದುಕೊಳ್ಳಬೇಕು."

"ಬದಲಿಗೆ ಏನು ಕೊಡುತ್ತೀರಿ?"

"ಸದ್ಯಕ್ಕೆ ಏನೂ ಇಲ್ಲ."

ಘಟಕಕ್ಕೆ ಪತ್ರ ನಾನು ಬರೆದೆ: ನಮ್ಮ ಪರೀಕ್ಷೆಯ ಮಾದರಿ ಲೆಕ್ಕದಲ್ಲಿ ದೋಷ ಕಂಡಿದೆ, ಮರುಪರೀಕ್ಷೆಯವರೆಗೆ ಇವರನ್ನು ಗಾಡಿಯ ಮೇಲೆ ಕೂರಿಸಬೇಡಿ. ನರತಜ್ಞರು ಓದಿ, 'ದೋಷ' ಎಂಬಲ್ಲಿ ಹೊಡೆದು 'ನಮ್ಮ ತಪ್ಪು' ಎಂದು ಬರೆಸಿದರು. "ರೋಗಿಯ ದೋಷ ಎಂದು ಯಾರೂ ಓದಬಾರದು," ಎಂದರು. ಸಹಿ ಹಾಕಿದರು. ನಾನು ಘಟಕದ ಮೇಲ್ವಿಚಾರಕರಿಗೆ ಫೋನ್ ಮಾಡಿದ್ದು ಆ ಸಹಿಯ ನಂತರವೋ, ನರತಜ್ಞರ ಕೋಣೆಗೆ ಹೋಗುವ ಮೊದಲೇ ಮಾಡಿ ಮುಗಿಸಿದ್ದೆನೋ, ಇದರಲ್ಲೂ ನನಗೆ ಎರಡು ನೆನಪುಗಳಿವೆ. ಎರಡರಲ್ಲೂ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಫೋನ್ ಮಾಡುತ್ತಿದ್ದೇನೆ. ಒಂದರಲ್ಲಿ ನಾನು ಧೈರ್ಯವಂತೆ, ಇನ್ನೊಂದರಲ್ಲಿ ಹೇಳಿದ್ದನ್ನು ಮಾಡಿದವಳು.

ಮರುದಿನ ಚಾಲಕರು ಬಂದರು. ಕೂರಲಿಲ್ಲ.

"ಮೇಡಂರಿ, ನಾ ಏನ್ ತಪ್ಪು ಮಾಡೀನಿ ಹೇಳ್ರಿ. ಗಾಡಿ ಯಾರಿಗಾರ ತಾಗಿಸೀನಾ?"

"ಇಲ್ರಿ. ತಪ್ಪು ನಮ್ಮದು."

"ತಪ್ಪು ನಿಮ್ಮದಾದ್ರ ಗಾಡಿಯಿಂದ ಇಳಿಯೋನು ನಾ ಯಾಕ?"

ಅವರ ಹಣೆಯನ್ನು ನೋಡಿದೆ. ಆ ದಿನ ವಿಭೂತಿ ಹಣೆಯ ತುಂಬ ಇತ್ತು, ಬಹುಶಃ ಹೆಂಡತಿ ತಿದ್ದಿದ್ದರು. ಬಹುಶಃ.

ಶನಿವಾರ ಬಸ್ ಹತ್ತಿ ಚಿಕಲಠಾಣಾಕ್ಕೆ ಹೋದೆ. ಪ್ರೋಗ್ರಾಮರ್ ಕೇಳಿಸಿಕೊಂಡು ಅರ್ಧ ನಕ್ಕಳು, ಅರ್ಧ ಅತ್ತಳು.

"ಅಕ್ಕಾ, ನಾ ಎಡಸುತ್ತು ಇಡೋಣ ಅಂದಿದ್ದೆ. ನೀವೇ ಕಾಢೂನ್ ಟಾಕ್ ಅಂದ್ರಿ."

"ನಾನು? ತೆಗೆಯೋಣೇನು ಅಂತ ಕೇಳಿದವಳು ನೀನು."

"ನೀವು ಮರಾಠಿದಾಗ ಅಂದ್ರಿ ಅಕ್ಕಾ. ನೀವು ಮರಾಠಿ ಮಾತಾಡೋದು ಕಮಿ, ಅದಕ್ಕ ಯಾದ್ ಅದ."

ಅವಳು ಹೇಳುವುದೇ ನಿಜವಿರಬಹುದು. ಇಬ್ಬರ ಫೋನಿನ ಸಂದೇಶಗಳನ್ನೂ ಹುಡುಕಿದೆವು. ಆ ಸಂಜೆಯದು ಒಂದೇ ಇತ್ತು, ಬಸ್ಸು ಎಷ್ಟು ಹೊತ್ತಿಗೆ ಎಂದು.

ಹೊಸ ದೃಶ್ಯ ಕಟ್ಟಿದಳು. ಪರದೆ ತೆಗೆದು ಒಳಗೆ ಲಿಂಗ, ಎದುರಿಗೆ ನಂದಿ, ಉತ್ತರದ ಗೋಡೆಯಲ್ಲಿ ಗೋಮುಖ. ದಾರಿ ಗೋಮುಖದವರೆಗೆ ಹೋಗಿ, ನಿಂತು, ತಿರುಗಿ ಬಂದ ದಾರಿಯಲ್ಲೇ ಮರಳುತ್ತದೆ. ಹೋಗುವಾಗ ಉರಿಯುವ ದೀಪಗಳು ಬೇರೆ, ಬರುವಾಗ ಬೇರೆ. ತಿರುಗುವಾಗ ತಲೆ ಸುತ್ತುತ್ತದೆಂದು ಆ ಕ್ಷಣ ದೃಶ್ಯವನ್ನು ಕಪ್ಪಾಗಿಸಿ ಮತ್ತೆ ಬೆಳಗಿಸಿದೆವು. ಅದೇ ನಿವೃತ್ತ ಶಿಕ್ಷಕಿಯನ್ನು ಮೊದಲು ಕೂರಿಸಿದೆವು. ಗೋಮುಖದ ಹತ್ತಿರ ನಾವು ಉಸಿರು ಬಿಗಿಹಿಡಿದೆವು. ಅವರು ಮರಳಿ ಬಂದು ಹೆಡ್‌ಸೆಟ್ ತೆಗೆದು, "ಹಾಂ, ಇದು ಬರೋಬರ. ಮೊದಲೇ ಯಾಕೆ ಮಾಡಲಿಲ್ಲ?" ಎಂದರು.

ಆರೋಗ್ಯವಂತರು ಹೋಗುವಾಗ ಎಡಗೋಡೆಯಲ್ಲಿ ದೀಪ ಬಿಟ್ಟರು, ಬರುವಾಗ ಬಲಗೋಡೆಯಲ್ಲಿ ಬಿಟ್ಟರು. ದೇವರು ಎತ್ತ ಇದ್ದರೆ ಅತ್ತ ಕಣ್ಣು. ಈ ಸಲ ಏನನ್ನೂ ಕಳೆಯಲಿಲ್ಲ.

ಈ ನಡುವೆ ಎರಡೂವರೆ ತಿಂಗಳು ಕಳೆದಿತ್ತು. ಚಾಲಕರನ್ನು ಘಟಕದವರು ಸ್ಟೋರಿನಲ್ಲಿ ಕೂರಿಸಿದ್ದರು, ನಟ್ಟು ಬೋಲ್ಟು ಕೊಟ್ಟು ಬರೆದುಕೊಳ್ಳುವ ಕೆಲಸ. ಮರುಪರೀಕ್ಷೆಗೆ ಗಂಡ ಹೆಂಡತಿ ಇಬ್ಬರೂ ಬಂದರು. ಗಂಡ, ನಾನು ಹೇಳಿದಷ್ಟನ್ನೇ ಮಾಡಿದರು. ಗುಂಡಿಯನ್ನು ಬೇಕಾದ್ದಕ್ಕಿಂತ ಜೋರಾಗಿ ಒತ್ತುತ್ತಿದ್ದರು.

ಹೋಗುವಾಗಿನ ಲೆಕ್ಕ ಹಳೆಯದರಂತೆಯೇ ಬಂತು. ಬರುವಾಗ, ದೇವರು ಎಡಕ್ಕಿದ್ದಾಗ, ಎಡಗಡೆಯ ದೀಪಗಳನ್ನು ಬಿಡತೊಡಗಿದರು. ಮೂರು. ಆರೋಗ್ಯವಂತರಲ್ಲಿ ಅತಿ ಹೆಚ್ಚು ಬಿಟ್ಟವರು ಎರಡು ಬಿಟ್ಟಿದ್ದರು. ಸ್ಪಷ್ಟವಾಗಿ ಹೇಳಬೇಕೆಂದರೆ, ಒಂದು ದೀಪದ ವ್ಯತ್ಯಾಸ. ಮತ್ತೊಮ್ಮೆ ಮಾಡಿಸಿದೆ. ಎರಡು ಬಿಟ್ಟರು. ಮೂರನೆಯ ಸಲ ಮಾಡಿಸಲು ಅವರು ಒಪ್ಪಲಿಲ್ಲ, ಹೆಡ್‌ಸೆಟ್ ತಾವೇ ತೆಗೆದು ಮೇಜಿನ ಮೇಲೆ ಇಟ್ಟರು.

"ಮೊದಲ ಪಾಸ್, ಆಮ್ಯಾಲ ರದ್ದು, ಈಗ ಮೂರು, ಈಗ ಎರಡು. ನಾ ಅದೇ ಮನಷಾ ಇದ್ದೀನ್ರಿ. ನಿಮ್ಮ ಗುಡಿ ಬದಲಾಗಲತ್ತದ."

ಹೆಂಡತಿ ಏನೋ ಹೇಳಲು ಬಾಯಿ ತೆರೆದರು. ಅವರು ಅತ್ತ ತಿರುಗದೆ, "ನೀ ಸುಮ್ನಿರು. ಯಾರು ಬಂದು ಹೇಳ್ಯಾರ ಅಂತ ನನಗ ಮೊದಲ ದಿನವೇ ಗೊತ್ತದ," ಎಂದರು. ಆಮೇಲೆ ದನಿ ಇಳಿಸಿ, "ಚಾ ಕುಡದು ಹೋಗೂಣು ನಡಿ," ಎಂದರು. ಹೆಂಡತಿ ಅವರ ಎಡಕ್ಕೆ ಕೂತಿದ್ದರು. ಎಡಕ್ಕೆ ಗಮನವೇ ಹೋಗದೆ ತಿರುಗಲಿಲ್ಲವೋ, ಸಿಟ್ಟಿಗೆ ತಿರುಗಲಿಲ್ಲವೋ, ನಾನು ಬರೆದುಕೊಳ್ಳಲಿಲ್ಲ. ಅದಕ್ಕೆ ನಮ್ಮ ಹಾಳೆಯಲ್ಲಿ ಜಾಗ ಇರಲಿಲ್ಲ.

ವರದಿಯಲ್ಲಿ ಬರೆದೆವು: ಅನಿಶ್ಚಿತ, ಚಲಿಸುವ ಯಂತ್ರ ನಡೆಸುವುದು ಸದ್ಯ ಬೇಡ. ಅನಿಶ್ಚಿತ ಎಂಬುದು ನಮ್ಮ ಸ್ಥಿತಿ, ಬೇಡ ಎಂಬುದು ಅವರಿಗೆ ಕೊಟ್ಟ ತೀರ್ಪು. ಎರಡೂ ಒಂದೇ ಸಾಲಿನಲ್ಲಿ ಕೂತವು.

ಕೆಲವು ವಾರಗಳ ನಂತರ ಆ ಘಟಕಕ್ಕೆ ಹೋದೆ. ಅಲ್ಲಿ ನಿಂತು ಗಾಡಿಯ ದಾರಿ ನೋಡಿದರೆ ಏನಾದರೂ ತಿಳಿಯಬಹುದೆಂದು. ಮೇಲ್ವಿಚಾರಕರು ಸಜ್ಜನರು, ಸುತ್ತಿ ತೋರಿಸಿದರು. ಲಾರಿ ನಿಲ್ಲುವ ಕಡೆಯಿಂದ ಒಳಗೆ ಬರುವ ದಾರಿಯಲ್ಲಿ, ಎಡಗಡೆಯ ರ‍್ಯಾಕಿನ ಒಂದು ಕಬ್ಬಿಣದ ಕಂಬ ಮೊಣಕಾಲೆತ್ತರದಲ್ಲಿ ಒಳಕ್ಕೆ ಬಾಗಿತ್ತು. ಬಣ್ಣ ಕಿತ್ತುಹೋಗಿ ಕಬ್ಬಿಣ ಕಾಣುತ್ತಿತ್ತು, ಅಲ್ಲಲ್ಲಿ ತುಕ್ಕು.

"ಇದು ಯಾವಾಗ ಆಯಿತು?" ಎಂದು ಕೇಳಿದೆ.

"ಯಾವಾಗಲೋ. ಇಲ್ಲಿ ಮೂರು ಜನ ಗಾಡಿ ನಡೆಸುತ್ತಾರೆ, ಮೇಡಂ. ಕಂಬಗಳು ಬಾಗುತ್ತಲೇ ಇರುತ್ತವೆ."

ಸ್ಟೋರಿನ ಕಿಟಕಿಯೊಳಗೆ ಅವರು ಕೂತಿದ್ದರು. ನನ್ನನ್ನು ಕಂಡರು, ಎದ್ದು ನಿಂತರು, "ಬರ್ರಿ" ಎಂದರು. ಕಂಬದ ಬಗ್ಗೆ ಅವರನ್ನೇ ಕೇಳಬಹುದಿತ್ತು. ಕೇಳಲಿಲ್ಲ. ಆಮೇಲಿನ ವರ್ಷ ನಾನು ಆಸ್ಪತ್ರೆ ಬದಲಾಯಿಸಿದೆ. ಅವರು ಮತ್ತೆ ಗಾಡಿ ಹತ್ತಲಿಲ್ಲ ಎಂದು ಕೇಳಿದ್ದೇನೆ.

ನಮ್ಮ ಪ್ರಮಾಣಪತ್ರ ಹಿಡಿದು ಅವರು ಗಾಡಿ ನಡೆಸಿದ ಆ ಕೆಲವು ದಿನಗಳಲ್ಲಿ ಯಾರಿಗೂ ಏನೂ ಆಗಲಿಲ್ಲ. ಅದಕ್ಕೆ ಕಾರಣ ಅವರು ಗುಣವಾಗಿದ್ದದ್ದೋ, ಎಡಕ್ಕೆ ಯಾರೂ ನಿಲ್ಲದೇ ಇದ್ದದ್ದೋ, ನನಗೆ ಗೊತ್ತಿಲ್ಲ. ನಾನು ಯಾರದೋ ಜೀವ ಉಳಿಸಿದೆನೋ, ಒಬ್ಬ ಒಳ್ಳೆಯ ಚಾಲಕನ ಕೆಲಸ ಸುಮ್ಮನೆ ಕಿತ್ತುಕೊಂಡೆನೋ, ಅದೂ ಗೊತ್ತಿಲ್ಲ.